ಮರ ಬರೆದಿಟ್ಟ ಕಿರ್ದಿ

(ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಭಾನುವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಅಂಗಡಿ ಇಟ್ಟವರಿಗೆ ಕಿರ್ದಿ ಪುಸ್ತಕದ ಬೆಲೆ ಏನೆಂಬುದನ್ನು ನಾವು ಹೇಳಬೇಕಾಗಿಲ್ಲ. ಅಂದಿನ ವ್ಯವಹಾರವನ್ನು ಅಂದೇ ಬರೆಯಬೇಕು, ಹಾಳೆ ಹರಿಯಕೂಡದು, ನಡುವೆ ಹೊಸ ಹಾಳೆ ತೂರಿಸಕೂಡದು. ಗಿರಣಿಯಲ್ಲಿ ದುಡಿಯುವವರಿಗೆ ಹಾಜರಿ ಪುಸ್ತಕದ ಬೆಲೆಯೂ ಹಾಗೆಯೇ ಗೊತ್ತು. ಎಂಟು ಗಂಟೆ ದುಡಿದು ಬಂದವನ ಹೆಸರಿನ ಮುಂದೆ ಗುರುತು ಬೀಳದಿದ್ದರೆ ಅವನು ದುಡಿದದ್ದು ಸುಳ್ಳಾಗುತ್ತದೆ. ಆದುದರಿಂದ ಯಾವುದೇ ತಕರಾರಿನಲ್ಲಿ ನಾವು ಮೊದಲು ಕೇಳುವ ಪ್ರಶ್ನೆ ಇದು: ಪುಸ್ತಕ ಯಾರ ಕೈಯಲ್ಲಿದೆ?

ಅಣುಬಾಂಬು, ಅಣುವಿದ್ಯುತ್ತು ಇವುಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ವಿಕಿರಣ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ನಾರುವುದಿಲ್ಲ, ನಾಲಗೆಗೆ ರುಚಿಸುವುದಿಲ್ಲ. ಎಷ್ಟು ಹೊರಬಿತ್ತು, ಯಾವಾಗ ಬಿತ್ತು, ಎಲ್ಲಿಯವರೆಗೆ ಹೋಯಿತು ಎಂಬ ಲೆಕ್ಕವೆಲ್ಲ ಅದನ್ನು ಹೊರಗೆ ಬಿಟ್ಟವರ ಪುಸ್ತಕದಲ್ಲಿಯೇ ಇರುತ್ತದೆ. ಅವರು ತೋರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾದರೆ ಯಾರ ಪಕ್ಷಕ್ಕೂ ಸೇರದ, ಯಾರ ಸಂಬಳವನ್ನೂ ಉಣ್ಣದ ಇನ್ನೊಂದು ಪುಸ್ತಕ ಎಲ್ಲಿಯಾದರೂ ಉಂಟೇ? ಉಂಟು. ಅದನ್ನು ಮರಗಳು ಬರೆದಿಟ್ಟಿವೆ. ಆ ಪುಸ್ತಕವನ್ನು ಹೇಗೆ ಓದುತ್ತಾರೆ, ಅದರಲ್ಲಿ ಏನು ಕಂಡುಬಂದಿದೆ, ಅದು ಎಲ್ಲಿ ನಮ್ಮ ಕೈಬಿಡುತ್ತದೆ ಎಂಬುದೇ ಈ ದಿನದ ವಿಷಯ.

ಸಾಮಿಲ್ಲಿನಲ್ಲಿ ದಿಮ್ಮಿ ಕೊಯ್ಯುವುದನ್ನು ತಾವೆಲ್ಲ ನೋಡಿದ್ದೀರಿ. ಕೊಯ್ದ ಮುಖದಲ್ಲಿ ಒಂದರ ಸುತ್ತ ಒಂದು ಉಂಗುರಗಳು ಕಾಣುತ್ತವೆ. ಮರ ಪ್ರತಿ ವರ್ಷವೂ ತೊಗಟೆಯ ಒಳಬದಿಗೆ ಒಂದು ಹೊಸ ಪದರ ಕಟ್ಟಿಕೊಳ್ಳುತ್ತದೆ. ಚಳಿಯ ದೇಶಗಳಲ್ಲಿ ಚಳಿಗಾಲ ಬಂದಾಗ ಬೆಳವಣಿಗೆ ನಿಲ್ಲುತ್ತದೆ. ಆದುದರಿಂದ ವರ್ಷಕ್ಕೊಂದು ಗೆರೆ ಸ್ಪಷ್ಟವಾಗಿ ಬೀಳುತ್ತದೆ. ನಮ್ಮ ಸೀಮೆಯ ಎಷ್ಟೋ ಮರಗಳಲ್ಲಿ ಈ ಗೆರೆ ಅಷ್ಟು ಸ್ಪಷ್ಟವಿರುವುದಿಲ್ಲ. ಆದರೆ ತೇಗ ಬೇಸಗೆಯಲ್ಲಿ ಎಲೆ ಉದುರಿಸಿ ಸುಮ್ಮನೆ ನಿಲ್ಲುವ ಮರವಾದುದರಿಂದ ಅದರಲ್ಲಿ ಉಂಗುರ ಚೆನ್ನಾಗಿ ಮೂಡುತ್ತದೆ. ತೊಗಟೆಯಿಂದ ಒಳಕ್ಕೆ ಎಣಿಸುತ್ತ ಹೋದರೆ ಇದು ಹೋದ ವರ್ಷದ್ದು, ಇದು ಅದರ ಹಿಂದಿನದು ಎಂದು ಹೇಳಬಹುದು.

ಎಣಿಸುವುದೊಂದೇ ಸಾಲದು. ಬರಗಾಲದ ವರ್ಷದಲ್ಲಿ ಉಂಗುರ ಬಾರದೆಯೂ ಹೋಗಬಹುದು. ವಿಚಿತ್ರ ಮಳೆಯ ವರ್ಷದಲ್ಲಿ ಒಂದಿದ್ದದ್ದು ಎರಡಾಗಿ ಕಾಣಬಹುದು. ಅದಕ್ಕಾಗಿ ಒಂದೇ ಸೀಮೆಯ ಹಲವು ಮರಗಳ ಅಗಲ ಕಿರಿದು ಉಂಗುರಗಳ ಸಾಲನ್ನು ಒಂದರ ಪಕ್ಕ ಒಂದು ಇಟ್ಟು ತಾಳೆ ನೋಡುತ್ತಾರೆ. ಮರವನ್ನು ಕಡಿಯಬೇಕೆಂದೂ ಇಲ್ಲ. ಒಳಗೆ ಪೊಳ್ಳಾದ ಬೈರಿಗೆಯಂಥ ಉಪಕರಣದಿಂದ ಸೀಸದಕಡ್ಡಿಗಿಂತ ಸಣ್ಣ ಒಂದು ಕಡ್ಡಿಯನ್ನು ಹೊರತೆಗೆದರೆ ಸಾಕು; ಅಷ್ಟೂ ವರ್ಷಗಳು ಅದರಲ್ಲಿ ಸಾಲಾಗಿ ಬರುತ್ತವೆ. ಮರ ತನ್ನ ಪಾಡಿಗೆ ತಾನು ಬೆಳೆಯುತ್ತ ಇರುತ್ತದೆ.

ಇನ್ನು ಆ ಹಾಳೆಯ ಮೇಲೆ ಬರೆಯುವ ಶಾಯಿ ಯಾವುದು ಎಂಬುದನ್ನು ನೋಡೋಣ. ಮರದ ಮೈ ಬಹುಪಾಲು ಗಾಳಿಯಿಂದ ಬಂದದ್ದು. ಎಲೆಯು ಗಾಳಿಯಲ್ಲಿರುವ ಇಂಗಾಲದ ಅನಿಲವನ್ನು ಹೀರಿ, ಬಿಸಿಲಿನ ಬಲದಿಂದ ಸಕ್ಕರೆ ಮಾಡಿ, ಆ ಸಕ್ಕರೆಯಿಂದ ನಾರು ಕಟ್ಟುತ್ತದೆ. ಗಾಳಿಯ ಈ ಇಂಗಾಲದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಜಾತಿಯೊಂದು ತೀರ ಅಲ್ಪವಾಗಿ ಬೆರೆತಿರುತ್ತದೆ. ಒಂದು ಲಕ್ಷ ಕೋಟಿ ಇಂಗಾಲದ ಪರಮಾಣುಗಳಲ್ಲಿ ಹೆಚ್ಚುಕಡಮೆ ಒಂದು ಮಾತ್ರ. ಆಕಾಶದಿಂದ ಬರುವ ವಿಶ್ವಕಿರಣಗಳು ಮೇಲಿನ ಗಾಳಿಯಲ್ಲಿ ನ್ಯೂಟ್ರಾನುಗಳನ್ನು ಎಬ್ಬಿಸುತ್ತವೆ; ಆ ನ್ಯೂಟ್ರಾನುಗಳು ಸಾರಜನಕಕ್ಕೆ ತಗಲಿದಾಗ ಇದು ಹುಟ್ಟುತ್ತದೆ. ಇದರ ಅರ್ಧಾಯುಷ್ಯ ಸುಮಾರು 5,730 ವರ್ಷ. ಎಂದರೆ ಇಂದು ಇರುವುದರಲ್ಲಿ ಅರ್ಧ ಕರಗುವುದಕ್ಕೆ ಅಷ್ಟು ಕಾಲ ಬೇಕು.

ಅಣುಬಾಂಬು ಸಿಡಿದಾಗಲೂ ನ್ಯೂಟ್ರಾನುಗಳು ಚಿಮ್ಮುತ್ತವೆ. ಅವೂ ಗಾಳಿಯ ಸಾರಜನಕಕ್ಕೆ ತಗಲಿ ಇದೇ ಇಂಗಾಲ-14 ಅನ್ನು ಹುಟ್ಟಿಸುತ್ತವೆ. ಮರಕ್ಕೆ ಆಕಾಶದ್ದು ಯಾವುದು, ಬಾಂಬಿನದು ಯಾವುದು ಎಂಬ ಭೇದವಿಲ್ಲ. ಆ ವರ್ಷದ ಗಾಳಿಯಲ್ಲಿ ಎಷ್ಟಿತ್ತೋ ಅಷ್ಟನ್ನು ಆ ವರ್ಷದ ಉಂಗುರದಲ್ಲಿ ಕಟ್ಟಿಡುತ್ತದೆ. ಒಮ್ಮೆ ನಾರಾಗಿ ಕಟ್ಟಿದ ಮೇಲೆ ಆ ಇಂಗಾಲ ಅಲ್ಲಿಂದ ಕದಲುವುದಿಲ್ಲ. ಪ್ರಯೋಗಶಾಲೆಯಲ್ಲಿ ಉಂಗುರಗಳನ್ನು ಒಂದೊಂದಾಗಿ ಬಿಡಿಸಿ, ಓಡಾಡುವ ಸ್ವಭಾವದ ಅಂಟು ರಾಳಗಳನ್ನು ತೊಳೆದು, ಗಟ್ಟಿ ನಾರನ್ನು ಮಾತ್ರ ಉಳಿಸಿಕೊಂಡು ಅದರಲ್ಲಿರುವ ಇಂಗಾಲ-14 ಅನ್ನು ಎಣಿಸುತ್ತಾರೆ. ಇಂದಿನ ಯಂತ್ರಗಳಿಗೆ ಕೆಲವು ಮಿಲಿಗ್ರಾಂ ನಾರು ಇದ್ದರೆ ಆಯಿತು.

ಈಗ ಪುಸ್ತಕ ತೆರೆದು ಓದೋಣ. 1945ರ ಜುಲೈ 16ರಂದು ಅಮೆರಿಕದ ಮರುಭೂಮಿಯಲ್ಲಿ ಮೊದಲ ಬಾಂಬು ಸಿಡಿಯಿತು. ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ ಸುಟ್ಟುಹೋದವು. ಆದರೆ ಇಡೀ ಜಗತ್ತಿನ ಮರಗಳ ಲೆಕ್ಕ ಏರಿದ್ದು ಆ ಬಾಂಬುಗಳಿಂದಲ್ಲ. ಅದನ್ನು ಏರಿಸಿದ್ದು ಆಮೇಲೆ ಬಂದ ಜಲಜನಕ ಬಾಂಬುಗಳ ಪ್ರಯೋಗಗಳು. 1954ರ ಮಾರ್ಚ್ 1ರಂದು ಶಾಂತಸಾಗರದ ಬಿಕಿನಿ ದ್ವೀಪದಲ್ಲಿ ಅಮೆರಿಕ ಸಿಡಿಸಿದ ಬಾಂಬು ಅದನ್ನು ಮಾಡಿದವರ ಲೆಕ್ಕವನ್ನೇ ಮೀರಿ ಸಿಡಿಯಿತು. ದೂರದಲ್ಲಿ ಮೀನು ಹಿಡಿಯುತ್ತಿದ್ದ ಜಪಾನಿನ ಒಂದು ದೋಣಿಯ ಮೇಲೆ ಬೂದಿ ಸುರಿಯಿತು. ಅದರಲ್ಲಿದ್ದ 23 ಮಂದಿ ಬೆಸ್ತರೂ ಕಾಯಿಲೆ ಬಿದ್ದರು. ಒಬ್ಬರು ಆ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗೆ ಸಮುದ್ರಕ್ಕೆ ಹೋದ ದುಡಿಮೆಗಾರರು ಅವರು. ಅವರಿಗೂ ಯುದ್ಧಕ್ಕೂ ಏನು ಸಂಬಂಧ? ಅದೇ ವರ್ಷದ ಏಪ್ರಿಲ್ 2ರಂದು ಲೋಕಸಭೆಯಲ್ಲಿ ನೆಹರೂ ಅವರು ಇಂಥ ಪ್ರಯೋಗಗಳು ನಿಲ್ಲಬೇಕೆಂದು ಕೇಳಿದರು.

ಈ ಸುಮಾರಿನಿಂದಲೇ ಮರದ ಲೆಕ್ಕ ಏರಲಾರಂಭಿಸುತ್ತದೆ. 1958ರ ಕೊನೆಯಲ್ಲಿ ಅಮೆರಿಕ, ರಷ್ಯ, ಬ್ರಿಟನ್ನುಗಳು ಪ್ರಯೋಗಗಳನ್ನು ತಡೆದಿಟ್ಟವು. ಏರಿಕೆಗೂ ತಡೆ ಬಿತ್ತು. 1961ರ ಸೆಪ್ಟೆಂಬರಿನಲ್ಲಿ ರಷ್ಯ ಮತ್ತೆ ಆರಂಭಿಸಿತು. ಅಕ್ಟೋಬರ್ 30ರಂದು ಉತ್ತರ ಧ್ರುವ ವಲಯದಲ್ಲಿ ಸಿಡಿಸಿದ ಒಂದೇ ಬಾಂಬಿನ ಬಲ 5 ಕೋಟಿ ಟನ್ ಸಿಡಿಮದ್ದಿಗೆ ಸಮ. ಅಮೆರಿಕವೂ ಹಿಂದೆ ಬೀಳಲಿಲ್ಲ. 1962, 1963ರ ಉಂಗುರಗಳಲ್ಲಿ ಲೆಕ್ಕ ಕಡಿದಾದ ಗುಡ್ಡದಂತೆ ಏರುತ್ತದೆ. 1963-64ರ ಹೊತ್ತಿಗೆ ಉತ್ತರಾರ್ಧ ಗೋಲದ ಗಾಳಿಯಲ್ಲಿ ಇಂಗಾಲ-14 ಬಾಂಬುಗಳ ಪೂರ್ವದಲ್ಲಿದ್ದುದಕ್ಕಿಂತ ಹೆಚ್ಚುಕಡಮೆ ಇಮ್ಮಡಿಯಾಗಿತ್ತು. ನಿಸರ್ಗ ತಾನಾಗಿ ಹೀಗೆ ಏರಿಸಿದ್ದುಂಟೇ ಎಂದು ಕೇಳಬಹುದು. ಉಂಟು. ಕ್ರಿ. ಶ. 774-775ರಲ್ಲಿ ಹಠಾತ್ತನೆ ಒಂದು ಏರಿಕೆ ಆಗಿತ್ತೆಂದು ಜಪಾನಿನ ಹಳೆಯ ದೇವದಾರು ಜಾತಿಯ ಮರಗಳಿಂದ 2012ರಲ್ಲಿ ತಿಳಿದುಬಂತು. ಅದು ಸೂರ್ಯನ ಮಹಾ ಬಿರುಗಾಳಿಯ ಪರಿಣಾಮವೆಂದು ಬಹುಮಂದಿ ವಿಜ್ಞಾನಿಗಳ ಮತ. ಆ ದೊಡ್ಡ ಏರಿಕೆಯೂ ನೂರಕ್ಕೆ ಒಂದು ಚಿಲ್ಲರೆ ಮಾತ್ರ. ಮನುಷ್ಯ ಮಾಡಿದ್ದು ನೂರಕ್ಕೆ ನೂರರ ಸಮೀಪ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

1963ರ ಆಗಸ್ಟ್ 5ರಂದು ಮಾಸ್ಕೋದಲ್ಲಿ ಗಾಳಿ, ನೀರು, ಅಂತರಿಕ್ಷಗಳಲ್ಲಿ ಸ್ಫೋಟ ಕೂಡದೆಂಬ ಒಪ್ಪಂದಕ್ಕೆ ಆ ಮೂರು ರಾಷ್ಟ್ರಗಳು ರುಜು ಹಾಕಿದವು. ಫ್ರಾನ್ಸ್ 1974ರವರೆಗೆ, ಚೀನ 1980ರವರೆಗೆ ಗಾಳಿಯಲ್ಲಿ ಸಿಡಿಸುತ್ತಲೇ ಇದ್ದರೂ ಮರದ ಲೆಕ್ಕ ಅಲ್ಲಿಂದ ಇಳಿಮುಖವಾಗಿದೆ. ಒಪ್ಪಂದಗಳು ಬರಿಯ ಕಾಗದ ಎಂದು ಹೇಳುವ ಬುದ್ಧಿವಂತರು ನಮ್ಮಲ್ಲಿ ಕಡಮೆಯಿಲ್ಲ. ಅವರಿಗೆ ಈ ಉಂಗುರಗಳನ್ನು ತೋರಿಸಬೇಕು. ಆ ಒಪ್ಪಂದ ದೊರೆಗಳ ಔದಾರ್ಯದಿಂದ ಮಾತ್ರ ಬಂದದ್ದಲ್ಲ. ಜಪಾನಿನಲ್ಲಿ ಕೋಟಿಗಟ್ಟಲೆ ಜನ ಮನವಿಗೆ ರುಜು ಹಾಕಿದರು. ಅಮೆರಿಕದ ಸೇಂಟ್ ಲೂಯಿ ನಗರದ ತಾಯಂದಿರು, ಬಾಂಬಿನ ಬೂದಿಯ ಸ್ಟ್ರಾನ್ಷಿಯಂ ಮಕ್ಕಳ ಮೈ ಸೇರಿದೆಯೇ ಎಂದು ಪರೀಕ್ಷಿಸುವುದಕ್ಕೆ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಕೂಡಿಸಿ ಕೊಟ್ಟರು. ಜನ ಒತ್ತಿದರು, ಸರ್ಕಾರಗಳು ಬಾಗಿದವು, ಮರ ಅದನ್ನು ಬರೆದುಕೊಂಡಿತು.

ಲೆಕ್ಕ ಇಳಿಯಿತು ಎಂದರೆ ವಸ್ತು ಮಾಯವಾಯಿತು ಎಂದಲ್ಲ. ಇದನ್ನು ವ್ಯಾಪಾರಿಗಳು ಬೇಗ ತಿಳಿದುಕೊಳ್ಳುತ್ತಾರೆ. 5,730 ವರ್ಷದ ಅರ್ಧಾಯುಷ್ಯದ ವಸ್ತು 60 ವರ್ಷದಲ್ಲಿ ಎಷ್ಟು ತಾನೇ ಕರಗೀತು? ಅದು ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗವಾಯಿತು, ಅಷ್ಟೆ. ಗಾಳಿಯಿಂದ ಸಮುದ್ರಕ್ಕೆ, ಗಿಡಮರಗಳಿಗೆ, ಮಣ್ಣಿಗೆ, ನಮ್ಮ ಮೈಗೆ ಹೋಯಿತು. 1960ರ ದಶಕದಲ್ಲಿ ಹಲ್ಲು ಮೂಡಿದವರು ಈ ಸಭೆಯಲ್ಲಿಯೂ ಇದ್ದೀರಿ. ತಮ್ಮ ಹಲ್ಲಿನ ಹೊರಕವಚದಲ್ಲಿ ಆ ಬಾಂಬುಗಳ ಇಂಗಾಲ ಈಗಲೂ ಇದೆ. ಹಾಗೆಂದು ಗಾಬರಿ ಬೇಡ, ಅದರ ಪ್ರಮಾಣ ತೀರ ಅಲ್ಪ. ಆದರೆ ನಮ್ಮನ್ನು ಯಾರೂ ಒಂದು ಮಾತು ಕೇಳದೆ ಅದನ್ನು ನಮ್ಮ ಮೈಗೆ ಬರೆದರು ಎಂಬುದನ್ನು ಮರೆಯುವುದೂ ಬೇಡ.

ದೂರದ ದೇಶಗಳ ಜಗಳ ನಮಗೇಕೆ ಎನ್ನುವವರಿಗೆ ಎರಡು ಮರಗಳ ವಿಷಯ ಹೇಳುತ್ತೇವೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಶಾಲೆಯ ವಿಜ್ಞಾನಿಗಳು ಮುಂಬಯಿ ಪಕ್ಕದ ಠಾಣೆಯ ಒಂದು ತೇಗದ ಮರದ ಉಂಗುರಗಳನ್ನು ಅಳೆದು 1994ರಲ್ಲಿ ಪ್ರಕಟಿಸಿದರು. ಯಾವ ಬಾಂಬೂ ಸಿಡಿಯದ ಆ ಸೀಮೆಯ ತೇಗದಲ್ಲಿಯೂ 1960ರ ದಶಕದ ನಡುವಿನ ಅದೇ ಗುಡ್ಡ ಕಂಡಿತು. ಇನ್ನೊಂದು ಮರ ನ್ಯೂಜಿಲೆಂಡಿಗೂ ದಕ್ಷಿಣಕ್ಕೆ, ಕ್ಯಾಂಪ್‌ಬೆಲ್ ಎಂಬ ದ್ವೀಪದಲ್ಲಿದೆ. ಸುತ್ತ 200 ಕಿಲೋಮೀಟರಿನೊಳಗೆ ಇನ್ನೊಂದು ಮರವಿಲ್ಲದ ಒಂಟಿ ಮರ ಅದು. ಅದರಲ್ಲಿಯೂ ಗುಡ್ಡ ಕಂಡಿತು; ತುದಿ ಮುಟ್ಟಿದ್ದು ಮಾತ್ರ 1965ರ ಕೊನೆಯ ತಿಂಗಳುಗಳಲ್ಲಿ. ಉತ್ತರದ ಗಾಳಿ ದಕ್ಷಿಣಕ್ಕೆ ಬೆರೆಯುವುದಕ್ಕೆ ಅಷ್ಟು ಕಾಲ ಹಿಡಿಯಿತು. ಗಾಳಿಗೆ ಬೇಲಿ ಹಾಕಿದವರಿಲ್ಲ ಎಂಬ ಮಾತಿಗೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಇದು ಇಡೀ ಜಗತ್ತಿನ ಲೆಕ್ಕವಾಯಿತು. ಇನ್ನು ಒಂದೊಂದು ಕಾರ್ಖಾನೆಯ ಲೆಕ್ಕಕ್ಕೆ ಬರೋಣ. ಇಂಗ್ಲೆಂಡಿನ ವಾಯವ್ಯ ಕರಾವಳಿಯಲ್ಲಿ ವಿಂಡ್‌ಸ್ಕೇಲ್ ಎಂಬಲ್ಲಿ ಬಾಂಬಿಗೆ ಬೇಕಾದ ಪ್ಲುಟೋನಿಯಂ ಮಾಡುವ ಎರಡು ಕುಲುಮೆಗಳಿದ್ದವು. ಅವುಗಳನ್ನು ತಣಿಸಲು ಹೊರಗಿನ ಗಾಳಿಯನ್ನೇ ಒಳಗೆ ಊದಿ ಎತ್ತರದ ಚಿಮಣಿಯಿಂದ ಹೊರಕ್ಕೆ ಬಿಡುತ್ತಿದ್ದರು. 1957ರ ಅಕ್ಟೋಬರ್ 10ರಂದು ಅವುಗಳಲ್ಲಿ ಒಂದಕ್ಕೆ ಬೆಂಕಿ ಬಿತ್ತು. ಸುತ್ತಲಿನ ಸುಮಾರು 500 ಚದರ ಕಿಲೋಮೀಟರ್ ಸೀಮೆಯ ರೈತರ ಹಾಲನ್ನು ಚೆಲ್ಲಿಸಿದರು. ವಿಚಾರಣೆ ನಡೆಯಿತು, ವರದಿಯೂ ಆಯಿತು. ಆದರೆ ಅದರ ಪೂರ್ತಿ ಪಾಠ ಜನರ ಕೈಗೆ ಬಂದದ್ದು 1988ರಲ್ಲಿ. ಮೂವತ್ತು ವರ್ಷ ಆ ಪುಸ್ತಕ ಬೀರುವಿನಲ್ಲಿತ್ತು. ಆದರೆ ಅಲ್ಲಿಯ ಮರಗಳು ಅಷ್ಟು ಕಾಲವೂ ತಮ್ಮ ಕಿರ್ದಿ ಬರೆಯುತ್ತಲೇ ಇದ್ದವು. ಇಂದು ಸೆಲ್ಲಫೀಲ್ಡ್ ಎಂದು ಕರೆಯುವ ಆ ಸ್ಥಾವರದ ಸಮೀಪದ ಮರಗಳ ಉಂಗುರಗಳನ್ನು ಒಂದೊಂದು ವರ್ಷಕ್ಕೆ ಬಿಡಿಸಿ, ಹಿಂದಿನ ವರ್ಷಗಳಲ್ಲಿ ಚಿಮಣಿಯಿಂದ ಎಷ್ಟು ಇಂಗಾಲ-14 ಹೊರಬಿದ್ದಿರಬೇಕೆಂದು ವಿಜ್ಞಾನಿಗಳು ಲೆಕ್ಕ ಕಟ್ಟಿದ್ದಾರೆ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸಿಡಿದಾಗ ಹೊರಜಗತ್ತಿಗೆ ಸುಳಿವು ಹತ್ತಿದ್ದು ಎರಡು ದಿನದ ಮೇಲೆ, ಸ್ವೀಡನ್ನಿನ ಒಂದು ಅಣುಸ್ಥಾವರದಲ್ಲಿ ವಿಕಿರಣದ ಗಂಟೆ ಬಾರಿಸಿದಾಗ. ಆ ಸಂಜೆ ಮಾಸ್ಕೋ ನಾಲ್ಕು ಮಾತಿನ ಪ್ರಕಟಣೆ ಕೊಟ್ಟಿತು. ಮೇ ದಿನದಂದು ಕೀವ್ ನಗರದ ದುಡಿಮೆಗಾರರೂ ಮಕ್ಕಳೂ ಎಂದಿನಂತೆ ಮೆರವಣಿಗೆ ಹೋದರು. ಕಾರ್ಮಿಕರ ಹೆಸರಿನಲ್ಲಿ ಆಳುತ್ತಿದ್ದವರೂ ಕಾರ್ಮಿಕರಿಂದ ಪುಸ್ತಕ ಮುಚ್ಚಿಟ್ಟರು ಎಂಬುದನ್ನು ನಾವು ಹೇಳದೆ ಬಿಡಲಾಗದು. ಸ್ಥಾವರದ ಪಕ್ಕದ ಪೈನ್ ಮರಗಳ ಕಾಡು ಕೆಂಪಗೆ ಒಣಗಿ ನಿಂತಿತು. ಅದಕ್ಕೆ ಕೆಂಪು ಕಾಡು ಎಂದೇ ಹೆಸರಾಯಿತು. ಸಾಯದೆ ಉಳಿದ ಸುತ್ತಲಿನ ಮರಗಳಲ್ಲಿ 1986ರ ಉಂಗುರ ಹೆಚ್ಚಿನ ಇಂಗಾಲ-14 ತೋರಿಸಿತು. ಕುಲುಮೆಯೊಳಗಿನ ಗ್ರಾಫೈಟು ಸಹ ಇಂಗಾಲವೇ ತಾನೆ, ಅದು ಉರಿದು ಹೊರಬಂದಿತ್ತು. 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ಪೈನ್ ಮರಗಳ ಉಂಗುರಗಳ ಅಗಲವನ್ನೇ ಅಳೆದರು. ದುರಂತದ ನಂತರದ ಮೂರು ವರ್ಷ, 1987ರಿಂದ 1989ರವರೆಗೆ, ಬೆಳವಣಿಗೆ ತೀವ್ರವಾಗಿ ಕುಗ್ಗಿದ್ದು ಕಂಡಿತು.

ಸ್ನೇಹಿತರೇ, ಇಷ್ಟು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಹೋಗುವುದು ಸುಲಭ. ಆದರೆ ಸಾಕ್ಷಿಗೆ ಗೊತ್ತಿಲ್ಲದ್ದನ್ನು ಸಾಕ್ಷಿಯ ಬಾಯಲ್ಲಿ ಹೇಳಿಸಿದರೆ ಗೆಲ್ಲುವ ದಾವೆಯೂ ಬಿದ್ದುಹೋಗುತ್ತದೆ. ಮರದ ಪುಸ್ತಕದ ಕೊರತೆಗಳನ್ನೂ ತಿಳಿದಿರಬೇಕು.

ಮೊದಲನೆಯದು. ಎಲ್ಲ ವಿಷವೂ ಇಂಗಾಲದಂತೆ ಕುಳಿತಲ್ಲೇ ಕೂರುವುದಿಲ್ಲ. ಸೀಸಿಯಂ ಎಂಬುದು ಚೆರ್ನೋಬಿಲ್, ಫುಕುಷಿಮಾಗಳಲ್ಲಿ ಬಹಳವಾಗಿ ಹರಡಿದ ವಸ್ತು. ಗುಣದಲ್ಲಿ ಅದು ಪೊಟ್ಯಾಸಿಯಂನ ಜಾತಿ. ಮರ ಅದನ್ನು ಆಹಾರವೆಂದೇ ತಿಳಿದು ರಸದೊಂದಿಗೆ ಉಂಗುರದಿಂದ ಉಂಗುರಕ್ಕೆ ಸಾಗಿಸುತ್ತದೆ. 2011ರಲ್ಲಿ ಬಿದ್ದ ಸೀಸಿಯಂ ಜಪಾನಿನ ಮರಗಳಲ್ಲಿ ಅದಕ್ಕೂ ಹಿಂದಿನ ವರ್ಷಗಳ ಚೇಗಿನೊಳಕ್ಕೂ ಇಳಿದಿದೆ. ಅದನ್ನು ನಂಬಿ ತಾರೀಖು ಹೇಳಿದರೆ ದುರಂತಕ್ಕೆ ಮೊದಲೇ ದುರಂತವಾಗಿತ್ತು ಎಂದಂತಾಗುತ್ತದೆ! ಸ್ಟ್ರಾನ್ಷಿಯಂ ಅಷ್ಟಾಗಿ ಅಲೆಯುವುದಿಲ್ಲ. ಆದರೆ ಇಂಗಾಲದಷ್ಟು ನಂಬಿಕಸ್ಥವೂ ಅಲ್ಲ. ತಾರೀಖಿಗೆ ಇಂಗಾಲವನ್ನೇ ಕೇಳಬೇಕು.

ಎರಡನೆಯದು. ಕಲ್ಲಿದ್ದಲು, ಎಣ್ಣೆಗಳ ಹೊಗೆಯಲ್ಲಿ ಇಂಗಾಲ-14 ಇರುವುದಿಲ್ಲ. ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದು ಅದು ಪೂರ್ತಿ ಕರಗಿಹೋಗಿರುತ್ತದೆ. ಆದುದರಿಂದ ಗಿರಣಿಯ ಚಿಮಣಿಯ ಪಕ್ಕದ ಮರ, ಲಾರಿ ಓಡುವ ರಸ್ತೆಯ ಬದಿಯ ಮರ ಕಡಮೆ ಲೆಕ್ಕ ತೋರಿಸುತ್ತದೆ, ಹಾಲಿಗೆ ನೀರು ಬೆರೆಸಿದ ಹಾಗೆ. ಒಂದೇ ಮರ ನೋಡಿ ತೀರ್ಪು ಕೊಡಕೂಡದು. ಹೊಗೆಯೂ ಇಲ್ಲದ, ಸ್ಥಾವರವೂ ಇಲ್ಲದ ಜಾಗದ ಇನ್ನೊಂದು ಮರದೊಡನೆ ತಾಳೆ ನೋಡಲೇಬೇಕು.

ಮೂರನೆಯದು. ನೆಲದೊಳಗೆ ಹುಗಿದು ಸಿಡಿಸಿದ ಬಾಂಬು ಈ ಕಿರ್ದಿಗೆ ಬಹುಮಟ್ಟಿಗೆ ಬಾರದೆ ಹೋಗುತ್ತದೆ. ದೊಡ್ಡ ರಾಷ್ಟ್ರಗಳು 1963ರ ನಂತರ ಮಾಡಿದ ನೂರಾರು ಸ್ಫೋಟಗಳೂ ಅಂಥವೇ, ನಮ್ಮ ಪೋಖರಣದ 1974 ಮತ್ತು 1998ರ ಸ್ಫೋಟಗಳೂ ಅಂಥವೇ. ಇನ್ನು ಗಾಳಿಗೆ ಇಷ್ಟು ಬಿತ್ತು ಎಂದು ಮರ ಹೇಳೀತು. ಇಂಥವನಿಗೆ ಇಂಥ ರೋಗ ಅದರಿಂದಲೇ ಬಂತು ಎಂದು ಅದು ಹೇಳಲಾರದು. ಅದಕ್ಕೆ ಆಸ್ಪತ್ರೆಯ ಪುಸ್ತಕ ಬೇಕು, ಕೆಲಸಗಾರ ಎಲ್ಲಿ ಎಷ್ಟು ಹೊತ್ತು ನಿಂತಿದ್ದ ಎಂಬ ಪುಸ್ತಕ ಬೇಕು.

ಈಗ ನಮ್ಮ ನಾಡಿನ ಮಾತು. ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಕುಲುಮೆಗಳಿವೆ; ಮೊದಲ ಎರಡು 2000ದಲ್ಲಿ ವಿದ್ಯುತ್ತು ಮಾರಲಾರಂಭಿಸಿದವು. ಅವು ಭಾರಜಲದ ಕುಲುಮೆಗಳು; ಈ ಜಾತಿಯ ಕುಲುಮೆಗಳಲ್ಲಿ ಇಂಗಾಲ-14 ಬೇರೆಯವಕ್ಕಿಂತ ಹೆಚ್ಚಾಗಿ ಹುಟ್ಟುತ್ತದೆ. ಮಂಗಳೂರು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಸುತ್ತಲಿನ ಗಿಡಮರಗಳಲ್ಲಿ ಇದನ್ನು ಅಳೆದಿದ್ದಾರೆ. ಸ್ಥಾವರದ ಸಮೀಪ ಲೆಕ್ಕ ತುಸು ಹೆಚ್ಚು, ಆದರೆ ಅದರಿಂದ ಜನರಿಗೆ ತಗಲುವ ವಿಕಿರಣ ನಿಸರ್ಗದಿಂದ ತಗಲುವುದಕ್ಕಿಂತ ಬಹಳ ಕಡಮೆ ಎಂಬುದು ಅವರ ಲೆಕ್ಕ. ಅದನ್ನು ಅಲ್ಲಗಳೆಯಲು ನಮ್ಮಲ್ಲಿ ಕಾರಣವಿಲ್ಲ. ಹೀಗೆ ಅಳೆದು ಬಹಿರಂಗವಾಗಿ ಪ್ರಕಟಿಸುವುದೇ ಸರಿಯಾದ ಹಾದಿ ಎನ್ನುತ್ತೇವೆ. ಅದೇ ಜಿಲ್ಲೆಯಲ್ಲಿ ತೇಗ ಬೆಳೆಯುತ್ತದೆ. ಕೆಲವು ಮರಗಳನ್ನು ಗುರುತು ಮಾಡಿ ಉಳಿಸಿಕೊಳ್ಳಬೇಕು. ಕಾಲಕಾಲಕ್ಕೆ ಕಡ್ಡಿ ತೆಗೆದು, ಸ್ಥಾವರಕ್ಕೆ ಸಂಬಂಧಪಡದವರು ಅಳೆಯಬೇಕು. ಫಲಿತವನ್ನು ಕನ್ನಡದಲ್ಲಿ ಆ ಊರುಗಳ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು. ಲೆಕ್ಕ ಸರಿಯಿದ್ದರೆ ಸ್ಥಾವರದವರಿಗೇ ಗೌರವ. ಸರಿಯಿಲ್ಲದಿದ್ದರೆ ಅದು ಮೊದಲು ತಿಳಿಯಬೇಕಾದದ್ದು ಅಲ್ಲಿ ದುಡಿಯುವವರಿಗೆ ಮತ್ತು ಅಲ್ಲಿ ಬಾಳುವವರಿಗೆ.

ನಾವು ಹೇಳಬೇಕೆಂದಿದ್ದದ್ದು ಇಷ್ಟೇ. ಮುಚ್ಚಿಟ್ಟ ಪುಸ್ತಕಕ್ಕೆ ಮರದ ಪುಸ್ತಕ ಕೊನೆಯ ಸಾಕ್ಷಿ, ಮೊದಲನೆಯದಲ್ಲ. ಮೂವತ್ತು ವರ್ಷದ ಮೇಲೆ ಬೈರಿಗೆ ಹಿಡಿದು ಹೋಗಿ ಮರವನ್ನು ಕೇಳುವುದರೊಳಗೆ ಚೆಲ್ಲಿದ ಹಾಲು ಚೆಲ್ಲಿರುತ್ತದೆ, ಕುಡಿದ ಹಾಲು ಹೊಟ್ಟೆ ಸೇರಿರುತ್ತದೆ. ಪುಸ್ತಕ ತೆರೆದಿಡಿ ಎಂದು ಅಂದಂದೇ ಕೇಳುವ ಹಕ್ಕು ನಮ್ಮದು. ಕೇಳದೆ ಸುಮ್ಮನಿದ್ದರೆ ಅದಕ್ಕೆ ಬೇರೆ ಯಾರೂ ಹೊಣೆಯಲ್ಲ, ನಾವೇ ಹೊಣೆ.